ಹಗೇವು ಮರೆತ ಕಾರ್ಖಾನೆಗಳು

ಹೊಸೂರು, ಡೆಂಕಣಿಕೋಟೆ ಕಡೆಯ ಹಿರಿಯರಿಗೆಲ್ಲ ಹಗೇವು ಗೊತ್ತು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ ಅದು. ರಾಗಿ ತುಂಬಿ ಬಾಯಿ ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಮಂದಿಯನ್ನೆಲ್ಲ ಸಾಕುತ್ತಿದ್ದುದು ಅದೇ. 2020ರ ಕೊನೆಯಿಂದ 2022ರವರೆಗೆ ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳು ಕಂಡ ಚಿಪ್ ಬರವನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಸರಕು ಹೋಗುವ ದಾರಿಯಲ್ಲೇ ರೋಗವೂ ಹೋಗುತ್ತದೆ. ಹೋದ ಮೇಲೆ ಆ ದಾರಿಯನ್ನೇ ಮುರಿಯುತ್ತದೆ. ಇದು ಕೊರೋನಾ ಕಾಲದ ಹೊಸ ಸಂಗತಿಯಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಹತ್ತಿ ಗಿರಣಿಯ ಕೂಲಿಕಾರರು ಊರು ಬಿಟ್ಟು ಓಡಿದರು. ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಗಿರಣಿಯವರು ಅಂದಂದಿನ ಕೂಲಿಯನ್ನು ಅಂದಂದೇ ಕೊಡಬೇಕಾಯಿತು. ರೈಲಿನ ದಾರಿ ಹಿಡಿದ ಆ ರೋಗ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನೂ ಮುಟ್ಟಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಭಯದ ದಿನಗಳಲ್ಲೇ.

ಈಗ ನಮ್ಮ ಕಾಲಕ್ಕೆ ಬರೋಣ. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೋಟ ಕಂಪನಿಯಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ ಒಂದು ಪದ್ಧತಿಯನ್ನು ಬೆಳೆಸಿದರು. ಬಿಡಿಭಾಗಗಳನ್ನು ಗೋದಾಮಿನಲ್ಲಿ ರಾಶಿ ಹಾಕಬಾರದು, ಬೇಕಾದಾಗ ಬೇಕಾದಷ್ಟೇ ತರಿಸಬೇಕು ಎಂಬುದು ಅದರ ಸಾರ. ಗೋದಾಮಿನ ಖರ್ಚು ಉಳಿಯಿತು, ಲಾಭ ಹೆಚ್ಚಿತು. ನೋಡನೋಡುತ್ತಾ ಜಗತ್ತೆಲ್ಲ ಅದನ್ನೇ ಅನುಸರಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎಲ್ಲರೂ ಹಗೇವು ಮುಚ್ಚಿಬಿಟ್ಟರು!

2020ರ ಜನವರಿ 23ರಂದು ಚೀನಾದ ವೂಹಾನ್ ನಗರಕ್ಕೆ ಬೀಗ ಬಿತ್ತು. ಮಾರ್ಚ್ 25ರಿಂದ ಭಾರತಕ್ಕೂ ಬಿತ್ತು. ಕಾರು ಕೊಳ್ಳುವವರು ಯಾರೂ ಇಲ್ಲವೆಂದು ಕಾರು ಕಂಪನಿಗಳು ಚಿಪ್‌ಗಳ ಬೇಡಿಕೆಯನ್ನು ರದ್ದು ಮಾಡಿದವು. ಅದೇ ಹೊತ್ತಿಗೆ ಮನೆಯಲ್ಲೇ ಕೆಲಸ, ಮನೆಯಲ್ಲೇ ಪಾಠ ಶುರುವಾಗಿ ಲ್ಯಾಪ್‌ಟಾಪು, ಟ್ಯಾಬ್ಲೆಟ್ಟುಗಳಿಗೆ ಜನ ಮುಗಿಬಿದ್ದರು. ಚಿಪ್ ತಯಾರಕರು ಅತ್ತ ತಿರುಗಿದರು. ವರ್ಷದ ಕೊನೆಗೆ ಕಾರು ವ್ಯಾಪಾರ ಚೇತರಿಸಿದಾಗ ಕಾರು ಕಂಪನಿಗಳು ಮತ್ತೆ ಬಂದು ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು.

ಬೇಗ ಮಾಡಿಕೊಡಬಾರದಿತ್ತೇ ಎಂದು ಮಕ್ಕಳು ಕೇಳುತ್ತಾರೆ. ಸಿಲಿಕಾನ್ ಬಿಲ್ಲೆಯೊಂದು ನೂರಾರು ಹಂತಗಳನ್ನು ದಾಟಿ ಚಿಪ್ ಆಗಲು ಮೂರು ತಿಂಗಳೇ ಹಿಡಿಯಬಹುದು. ಹೊಸ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು, ಸಾವಿರಾರು ಕೋಟಿ ರೂಪಾಯಿ ಬೇಕು. ಬೇರೆಯವರ ವಿನ್ಯಾಸಕ್ಕೆ ಚಿಪ್ ಮಾಡಿಕೊಡುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತೈವಾನ್ ಎಂಬ ಪುಟ್ಟ ದ್ವೀಪದ್ದು.

2021ರಲ್ಲಿ ಏಟಿನ ಮೇಲೆ ಏಟು ಬಿತ್ತು. ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಯಿಂದ ವಿದ್ಯುತ್ ಹೋಗಿ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚ್ 19ರಂದು ಜಪಾನಿನ ನಾಕಾದಲ್ಲಿದ್ದ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ತೈವಾನಿನಲ್ಲಿ ಐವತ್ತು ವರ್ಷಗಳಲ್ಲೇ ಕಾಣದ ಬರ ಬಂದು, ಅಲ್ಲಿನ ಸರ್ಕಾರ ಎಷ್ಟೋ ಭತ್ತದ ಗದ್ದೆಗಳಿಗೆ ನೀರು ನಿಲ್ಲಿಸಿ ಊರಿಗೂ ಕಾರ್ಖಾನೆಗೂ ಉಳಿಸಿತು. ಆ ವರ್ಷ ಜಗತ್ತಿನ ಕಾರು ಉದ್ಯಮಕ್ಕೆ 21,000 ಕೋಟಿ ಡಾಲರ್ ವರಮಾನ ಖೋತಾ ಆಗಬಹುದೆಂದು ಅಲಿಕ್ಸ್‌ಪಾರ್ಟ್‌ನರ್ಸ್ ಎಂಬ ಸಲಹಾ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಅಂದಾಜು ಮಾಡಿತು. ಅದೇ ತಿಂಗಳು ನಮ್ಮ ದೇಶದ ಮಾರುತಿ ಸುಝುಕಿಯ ಉತ್ಪಾದನೆ ಮಾಮೂಲಿನ ಶೇಕಡಾ 40ಕ್ಕೆ ಇಳಿಯಲಿದೆ ಎಂದು ಕಂಪನಿಯೇ ಪ್ರಕಟಿಸಿತು.

ತಮಾಷೆಯೆಂದರೆ, ಈ ಬರದ ಮೊದಲ ತಿಂಗಳುಗಳನ್ನು ಚೆನ್ನಾಗಿ ತಡೆದುಕೊಂಡದ್ದು ಟೊಯೋಟ. 2011ರ ಭೂಕಂಪ, ಸುನಾಮಿಗಳಲ್ಲಿ ಪೆಟ್ಟು ತಿಂದ ಮೇಲೆ ಅದು ಎರಡರಿಂದ ಆರು ತಿಂಗಳಿಗಾಗುವಷ್ಟು ಚಿಪ್‌ಗಳನ್ನು ಕೂಡಿಡುವಂತೆ ತನ್ನ ಪೂರೈಕೆದಾರರಿಗೆ ಹೇಳಿತ್ತು. ಹಗೇವು ಬೇಡವೆಂದು ಲೋಕಕ್ಕೆ ಕಲಿಸಿದ ಕಂಪನಿ ತಾನು ಮಾತ್ರ ಮತ್ತೆ ಹಗೇವು ತೋಡಿಕೊಂಡಿತ್ತು! ಆದರೂ ಬರ ಮುಗಿಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅದು ಕೂಡ ತಾನು ಹಾಕಿಕೊಂಡಿದ್ದ ಉತ್ಪಾದನೆಯ ಲೆಕ್ಕವನ್ನು ಶೇಕಡಾ 40ರಷ್ಟು ಇಳಿಸಿತು.

ಇದೆಲ್ಲ ಎಲ್ಲೋ ದೂರದ ಕಥೆಯಲ್ಲ. ತಮಿಳುನಾಡಿನ ಶಾಲೆಗಳು 2020ರ ಮಾರ್ಚ್‌ನಲ್ಲಿ ಮುಚ್ಚಿದವು. ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ. ಹತ್ತೊಂಬತ್ತು ತಿಂಗಳು! ಮನೆಗೊಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುವಂಥದ್ದು. ಇಂಥ ಮನೆಗಳಿಗೆಂದೇ ರಿಲಯನ್ಸ್ ಜಿಯೋ ಅಗ್ಗದ ಸ್ಮಾರ್ಟ್‌ಫೋನೊಂದನ್ನು 2021ರ ಸೆಪ್ಟೆಂಬರ್ 10ರ ಗಣೇಶ ಚೌತಿಗೆ ತರುವುದಾಗಿ ಹೇಳಿತ್ತು. ಅದು ದೀಪಾವಳಿಗೆ ಮುಂದೆ ಹೋಯಿತು. ಕಾರಣ ಮತ್ತದೇ, ಚಿಪ್ ಬರ. ಕಾರು ಕೊಳ್ಳಲು ಕಾದವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೂರನೇ ತರಗತಿಯಿಂದ ನೇರ ಐದಕ್ಕೆ ಬಂದು ಒತ್ತಕ್ಷರ ಓದಲಾರದೆ ನಿಂತ ಮಗುವಿನ ನಷ್ಟ ಯಾವ ಡಾಲರ್ ಲೆಕ್ಕಕ್ಕೂ ಸೇರಲಿಲ್ಲ.

ಬರದ ನಂತರ ಎಲ್ಲ ಸರ್ಕಾರಗಳೂ ಎಚ್ಚೆತ್ತವು. ಭಾರತ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಅಮೆರಿಕ 2022ರ ಆಗಸ್ಟ್‌ನಲ್ಲಿ ಸುಮಾರು 5,200 ಕೋಟಿ ಡಾಲರ್‌ಗಳ ಕಾನೂನು ತಂದಿತು. 2022ರ ಕೊನೆಯಲ್ಲಿ ಚೀನಾದ ಜೆಂಗ್‌ಝೌ ನಗರದ ಫಾಕ್ಸ್‌ಕಾನ್ ಕಾರ್ಖಾನೆಯಿಂದ ಸೋಂಕಿಗೆ ಹೆದರಿದ ಕೆಲಸಗಾರರು ಬೇಲಿ ಹಾರಿ ನಡೆದೇ ಊರು ಸೇರಿದರು. 1896ರ ಮುಂಬಯಿ ಮತ್ತೊಮ್ಮೆ ನಡೆದಂತಿತ್ತು. ಒಂದೇ ದೇಶವನ್ನು ನೆಚ್ಚಿಕೊಂಡರೆ ಕಷ್ಟ ಎಂಬ ಮಾತು ಆಪಲ್ ಕಂಪನಿಯ ವಿಷಯದಲ್ಲೂ ಆಗ ಇನ್ನಷ್ಟು ಗಟ್ಟಿಯಾಯಿತು. ಚೀನಾದಿಂದ ಈಚೆಗೆ ಸರಿದ ಕೆಲಸದ ಒಂದು ಪಾಲು ಬಂದದ್ದು ಎಲ್ಲಿಗೆ? ಕೋಲಾರದ ನರಸಾಪುರಕ್ಕೆ, ಮತ್ತು ನಮ್ಮ ಹೊಸೂರಿನ ಬಗಲಿಗೆ. ಇಲ್ಲಿ ಐಫೋನಿನ ಭಾಗಗಳನ್ನು ತಯಾರಿಸುವ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಇದು ಸಂತೋಷದ ವಿಷಯವೇ. ತಿಂಗಳ ಸಂಬಳ ಹೆಣ್ಣುಮಗಳ ಕೈಗೆ ಬರುವುದು ಸಣ್ಣ ಮಾತಲ್ಲ. ಆದರೆ ಇತಿಹಾಸ ಓದಿದವರು ಒಂದನ್ನು ಮರೆಯಬಾರದು. ಒಂದು ಮಹಾಮಾರಿಯ ನಂತರ ಇಲ್ಲಿಗೆ ಬಂದ ಕೆಲಸ ಇನ್ನೊಂದು ಕಾರಣಕ್ಕೆ ಮತ್ತೊಂದು ಊರಿಗೆ ಹೋಗಲೂಬಹುದು. ಆಗ ಕೈಯಲ್ಲಿ ಉಳಿಯುವುದು ಕಲಿತ ವಿದ್ಯೆ ಮಾತ್ರ. ಆದ್ದರಿಂದ ಪೋಷಕರಲ್ಲಿ ನಮ್ಮದೊಂದೇ ವಿನಂತಿ. ಹನ್ನೆರಡನೇ ತರಗತಿ ಮುಗಿಯಿತೆಂದು ಮಗಳ ಓದನ್ನು ಅಲ್ಲಿಗೇ ನಿಲ್ಲಿಸಬೇಡಿ. ಐಟಿಐ, ಪಾಲಿಟೆಕ್ನಿಕ್, ಪದವಿ, ಯಾವುದಾದರೂ ಸರಿ, ಇನ್ನೆರಡು ಮೂರು ವರ್ಷ ಓದಿಸಿ. ಅವಳಿಗೆ ಅದೇ ಹಗೇವು.