ತಂತಿ ಹೋದ ದಾರಿ

ಮೊನ್ನೆ ಸಂಜೆ ಕರೆಂಟು ಹೋದಾಗ ಮನೆಯವರೊಡನೆ ನಾನೂ ಗೊಣಗಿದೆ, ಮರುಕ್ಷಣವೇ ನಾಚಿಕೆಯಾಯಿತು. ನಾನು ಅಕ್ಷರ ಕಲಿತದ್ದೇ ಹಳ್ಳಿಯ ಬುಡ್ಡಿದೀಪದ ಬೆಳಕಿನಲ್ಲಲ್ಲವೆ?

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಯಾರ ಮನೆಗೂ ಅಲ್ಲ. ತೊಂಬತ್ತಕ್ಕೂ ಹೆಚ್ಚು ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗೆ. ಯೋಜನೆಗೆ ಶ್ರಮಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಳ ಕಾಲ ಕಾದವು.

ಗಣಿಯ ಕಂಪೆನಿ ಹಣ ಕೊಡಬಲ್ಲದು, ಗುಡಿಸಲು ಕೊಡಲಾರದು. ಅಂಥ ಗಿರಾಕಿ ಇಲ್ಲದೆ ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವುದು ಸುಲಭವಲ್ಲವೆಂಬುದೂ ನಿಜವೇ. ಆ ಗಣಿಯೂ 2001ರಲ್ಲಿ ಮುಚ್ಚಿತು. ಆದರೂ ಹೊಸ ಯಂತ್ರವೊಂದು ಬಂದಾಗಲೆಲ್ಲ ನನಗೆ ಅದೇ ಪ್ರಶ್ನೆ ಏಳುತ್ತದೆ: ತಂತಿ ಮೊದಲು ಹೋಗುವುದು ಯಾರ ಬಾಗಿಲಿಗೆ?