ಹೊಲದ ತಾಕಿನಿಂದ ವೃತ್ತಗಳ ಸಮತಲಕ್ಕೆ

ಹೆಬ್ಬಾಳದ ಚರಿತ್ರೆ ಬರೆಯುವವರು ಕೆರೆಯನ್ನೂ ವೀರಗಲ್ಲನ್ನೂ ಮರೆಯುವುದಿಲ್ಲ. ರೇಖಾಗಣಿತವನ್ನು ಮಾತ್ರ ಯಾರೂ ಸೇರಿಸಿಕೊಳ್ಳುವುದಿಲ್ಲ. ಗಣಿತದವನಾದ ನನಗೆ ಇದು ಸರಿಯೆನಿಸದು.

1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಇಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ಪ್ರಯೋಗದ ಹೊಲ ಎಲ್ಲೇ ಇರಲಿ, ಅಲ್ಲೊಂದು ತೊಡಕು ಇದ್ದೇ ಇರುತ್ತದೆ. ಕೆಟ್ಟ ಮಣ್ಣಿಗೆ ಬಿದ್ದ ಒಳ್ಳೆಯ ತಳಿ ಸೋತಂತೆ ಕಾಣುತ್ತದೆ. ರೈತನ ಕೈಗೆ ಅದು ಸೇರುವುದೇ ಇಲ್ಲ.

7 ರಾಗಿ ತಳಿಗಳಿವೆ ಎನ್ನಿ. ಮಣ್ಣು ಒಂದೇ ಬಗೆಯಾಗಿರುವ ಒಂದು ತಾಕಿನಲ್ಲಿ 3 ತಳಿಗಷ್ಟೇ ಜಾಗ. ಯಾವ ಎರಡು ತಳಿಗಳೇ ಆದರೂ ಒಂದೇ ತಾಕಿನಲ್ಲಿ ಒಮ್ಮೆ, ಒಮ್ಮೆ ಮಾತ್ರ, ಸೇರಬೇಕು. 7 ತಾಕು ಸಾಕು: 124, 235, 346, 457, 561, 672, 713. ಪೆನ್ಸಿಲ್ ಹಿಡಿದು ಪರೀಕ್ಷಿಸಿ ನೋಡಿ. ತಳಿಯನ್ನು ಬಿಂದು, ತಾಕನ್ನು ರೇಖೆ ಎಂದರೆ, ಎರಡು ಬಿಂದುಗಳ ಮೂಲಕ ಒಂದೇ ರೇಖೆ ಎಂಬ ನಮ್ಮ ಶಾಲೆಯ ಪಾಠವೇ ಇದು. ಇಟಲಿಯ ಜಿನೋ ಫಾನೊ 1892ರಲ್ಲೇ, ಬೆಳೆಯ ಯೋಚನೆಯಿಲ್ಲದೆ, ಇದನ್ನು ಕಂಡಿದ್ದರು. ಇಂಗ್ಲೆಂಡಿನ ಫ್ರಾಂಕ್ ಯೇಟ್ಸ್ 1936ರಲ್ಲಿ ಇಂಥ ಜೋಡಣೆಗಳನ್ನು ಹೊಲಕ್ಕೆ ತಂದರು. 1939ರಲ್ಲಿ ಕಲ್ಕತ್ತೆಯ ರಾಜಚಂದ್ರ ಬೋಸರು ಅವನ್ನು ರೇಖಾಗಣಿತದಿಂದಲೇ ಕಟ್ಟುವ ದಾರಿ ತೋರಿಸಿದರು.

ರೇಖೆಗೆ ಎರಡು ಬಿಂದು ಸಾಕು, ವೃತ್ತಕ್ಕೆ ಮೂರು ಬೇಕು. 10 ಬಿಂದುಗಳು, ತಲಾ 4 ಬಿಂದುಗಳ 30 ವೃತ್ತಗಳು, ಯಾವ ಮೂರು ಬಿಂದುಗಳಿಗೂ ಒಂದೇ ವೃತ್ತ: ಇಂಥದೊಂದು ವ್ಯವಸ್ಥೆ ಇದೆ. ಅದರಿಂದ ಒಂದು ಬಿಂದುವನ್ನು ತೆಗೆಯಿರಿ. ಅದರ ಮೂಲಕ ಹಾಯ್ದಿದ್ದ 12 ವೃತ್ತಗಳಲ್ಲಿ ಈಗ ಮೂರು ಮೂರು ಬಿಂದು ಉಳಿಯುತ್ತವೆ. ಉಳಿದ 9ರಲ್ಲಿ ಯಾವ ಎರಡನ್ನು ಹಿಡಿದರೂ, ತೆಗೆದ ಬಿಂದುವಿನೊಡನೆ ಅವು ಒಂದೇ ವೃತ್ತದಲ್ಲಿದ್ದವು. ಹಾಗಾಗಿ ಈಗ ಒಂದೇ ರೇಖೆಯಲ್ಲಿವೆ. ವೃತ್ತಗಳು ರೇಖೆಗಳಾದವು! ನನಗೆ ಇಡೀ ವಿಷಯದಲ್ಲಿ ಅತಿ ಚೆಂದ ಕಾಣುವುದು ಇದೇ.

ಈ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಮೈಸೂರು ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದ ಭಾಸ್ಕರ ಬಾಗ್ಚಿ, ಎನ್.ಎಸ್. ನರಸಿಂಹ ಶಾಸ್ತ್ರಿ ಇಬ್ಬರೂ 1987ರಲ್ಲಿ ಸಮ ಕ್ರಮದ ವೃತ್ತ ಸಮತಲಗಳನ್ನು, ತ್ರಿಕೋನವೇ ಮೂಡದ ಬಿಂದು-ರೇಖಾ ವ್ಯವಸ್ಥೆಗಳೊಂದಿಗೆ ಬೆಸೆದು ಪ್ರಬಂಧ ಪ್ರಕಟಿಸಿದರು. 2010ರ ಆಗಸ್ಟ್‌ನಲ್ಲಿ ಈ ಬಗೆಯ ಗಣಿತಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ಈ ಊರಿನಲ್ಲಿ ಸೇರಿತ್ತು.

ಸಮ ಕ್ರಮದ ವೃತ್ತ ಸಮತಲಗಳೆಲ್ಲ ಮೊಟ್ಟೆಯಾಕಾರದ ಮೈಯೊಂದನ್ನು ಸೀಳಿದಾಗ ಸಿಗುವಂಥವೇ ಎಂದು ಜರ್ಮನಿಯ ಪೀಟರ್ ಡೆಂಬೋವ್ಸ್ಕಿ 1960ರ ದಶಕದಲ್ಲಿ ಸಾಧಿಸಿದರು. ಬೆಸ ಕ್ರಮದಲ್ಲೂ ಹಾಗೆಯೇ ಎಂಬುದನ್ನು ಇನ್ನೂ ಯಾರೂ ಸಾಧಿಸಿಲ್ಲ.