ಗುರಾಣಿ ಗ್ರಂಥಿ ಮತ್ತು ಮರೆವು: ನೂರೈವತ್ತು ವರ್ಷಗಳ ಒಂದು ಕಥೆ



ಲುಂಡ್ ಮತ್ತು ಮಾಲ್ಮೋ ಸುತ್ತಮುತ್ತಲಿನ ನಮ್ಮ ಕುಟುಂಬಗಳಿಂದ ವೈದ್ಯನಾದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆಯೊಂದಿದೆ. ಊರಿನಲ್ಲಿರುವ ತಾಯಿಗೋ ತಂದೆಗೋ ಮರೆವು ಹೆಚ್ಚುತ್ತಿದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತುಸು ಏರಿದೆ. ಥೈರಾಯ್ಡ್ ಮಾತ್ರೆ ಕೊಟ್ಟರೆ ನೆನಪು ಮರಳೀತೇ? ಈ ಪ್ರಶ್ನೆಯ ಹಿಂದಿರುವುದು ಕುತೂಹಲವಲ್ಲ, ಆಸೆ. ಆ ಆಸೆಗೆ ಎಷ್ಟು ಆಧಾರವಿದೆ ಎಂಬುದನ್ನು ತಿಳಿಯಲು ಇತಿಹಾಸದೊಳಗೆ ಹೋಗುವುದೇ ಒಳ್ಳೆಯ ದಾರಿಯೆಂದು ನನಗೆ ತೋರುತ್ತದೆ.

ಕುತ್ತಿಗೆಯ ಮುಂಭಾಗದಲ್ಲಿರುವ ಈ ಪುಟ್ಟ ಗ್ರಂಥಿಯನ್ನು ನಮ್ಮ ಹಳೆಯ ಪಾರಿಭಾಷಿಕ ಕೋಶಗಳು ಗುರಾಣಿಕ ಗ್ರಂಥಿ ಎಂದು ಕರೆದಿವೆ. ಸ್ವೀಡಿಷ್ ಭಾಷೆಯ ಹೆಸರಿನ ಅರ್ಥವೂ ‘ಗುರಾಣಿ ಗ್ರಂಥಿ’ ಎಂದೇ. ಇದು ಸ್ರವಿಸುವ ಥೈರಾಕ್ಸಿನ್ ದೇಹದ ಪ್ರತಿಯೊಂದು ಅಂಗದ ವೇಗವನ್ನೂ ನಿಯಂತ್ರಿಸುತ್ತದೆ. ಸ್ರಾವ ಕುಗ್ಗಿದರೆ ಮೆದುಳಿನ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಆಜ್ಞೆಯನ್ನು ಹೆಚ್ಚು ಹೆಚ್ಚಾಗಿ ಕಳುಹಿಸುತ್ತದೆ. ಆದುದರಿಂದಲೇ ಗ್ರಂಥಿ ಸೋತಾಗ ಆ ಅಂಕಿ ಏರುವುದು.

ಗ್ರಂಥಿಗೂ ಮನಸ್ಸಿಗೂ ಇರುವ ನಂಟನ್ನು ವೈದ್ಯಲೋಕ ತಡವಾಗಿ ಕಂಡುಕೊಂಡಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಅವರು, ಮಧ್ಯವಯಸ್ಸಿನಲ್ಲಿ ಮುಖ ಊದಿ, ಮಾತು ತೊದಲಿ, ಚುರುಕಾಗಿದ್ದ ಬುದ್ಧಿ ಜಡವಾಗುತ್ತ ಹೋದ ಮಹಿಳೆಯರನ್ನು ವರ್ಣಿಸಿದರು. ಕೆಲವೇ ವರ್ಷಗಳಲ್ಲಿ ವಿಲಿಯಂ ಆರ್ಡ್ ಈ ಸ್ಥಿತಿಗೆ ಮಿಕ್ಸೆಡೀಮಾ ಎಂದು ಹೆಸರಿಟ್ಟರು. ಕಾರಣ ಮಾತ್ರ ತಿಳಿದಿರಲಿಲ್ಲ. ಅದು ಹೊರಬಿದ್ದದ್ದು ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಾಲಯಗಳಿಂದ. ಬರ್ನ್ ನಗರದ ಥಿಯೊಡೋರ್ ಕೋಹರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಅದ್ವಿತೀಯರೆನಿಸಿದ್ದರು. 1874ರಲ್ಲಿ 11 ವರ್ಷದ ಬಾಲಕಿಯೊಬ್ಬಳ ಗ್ರಂಥಿಯನ್ನು ಅವರು ಪೂರ್ಣವಾಗಿ ತೆಗೆದಿದ್ದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿತ್ತು. ಆದರೆ ವರ್ಷಗಳ ಬಳಿಕ ನೋಡಿದಾಗ ಅವಳ ತಂಗಿ ಬೆಳೆದು ತರುಣಿಯಾಗಿದ್ದಳು. ಇವಳು ಕುಳ್ಳಾಗಿಯೇ ಉಳಿದು ಬುದ್ಧಿ ಮಂಕಾಗಿತ್ತು. ಜಿನೀವಾದ ಜಾಕ್ ರೆವೆರ್ದಾ ಆ ಮೊದಲೇ ಇಂತಹ ಎಚ್ಚರಿಕೆ ನೀಡಿದ್ದರು. ಕೋಹರ್ ತಮ್ಮ ರೋಗಿಗಳನ್ನು ಮರಳಿ ಕರೆಸಿ ಪರೀಕ್ಷಿಸಿ, 1883ರಲ್ಲಿ ಆ ಫಲಿತಾಂಶವನ್ನು ಸಭೆಯ ಮುಂದಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ತಮ್ಮ ಕೈಯಿಂದಲೇ ಆದ ಹಾನಿಯನ್ನು ಬರೆದಿಟ್ಟ ಆ ವರದಿ ಪ್ರಶಸ್ತಿಗಿಂತ ದೊಡ್ಡದೆಂದು ನನ್ನ ಭಾವನೆ.

ಲಂಡನ್ನಿನ ಕ್ಲಿನಿಕಲ್ ಸೊಸೈಟಿ ನೇಮಿಸಿದ ಸಮಿತಿ 1888ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ, ಇವೆಲ್ಲಕ್ಕೂ ಕಾರಣ ಒಂದೇ, ಥೈರಾಯ್ಡಿನ ನಾಶ, ಎಂದು ಸಾರಿತು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಭ್ರಮೆಗಳು ಕಾಣಿಸಿಕೊಂಡಿದ್ದವು. ಮೂರು ವರ್ಷಗಳ ಬಳಿಕ, 1891ರಲ್ಲಿ, ನ್ಯೂಕಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಮಹಿಳೆಯೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟರು. ಆಕೆಯ ಮಾತು, ಆಲೋಚನೆ, ನಡಿಗೆ ಎಲ್ಲವೂ ತಿಂಗಳುಗಳಲ್ಲಿ ಚುರುಕಾದವು. ಆಕೆ ಮತ್ತೆ 28 ವರ್ಷ ಬಾಳಿ 1919ರಲ್ಲಿ ತೀರಿಕೊಂಡಳು. ಆ ಅವಧಿಯಲ್ಲಿ ಆಕೆಗೆ ಬೇಕಾದ ಔಷಧಿ 870ಕ್ಕೂ ಹೆಚ್ಚು ಕುರಿಗಳಿಂದ ಬಂದಿತ್ತೆಂದು ಮರ್ರೆ ಲೆಕ್ಕವಿಟ್ಟಿದ್ದಾರೆ! ಇಂದು ಆ ಕೆಲಸವನ್ನು ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಾತ್ರೆ ಮಾಡುತ್ತದೆ.

ಇಷ್ಟಾದರೂ ರೋಗ ಕಣ್ಣುತಪ್ಪುತ್ತಲೇ ಇತ್ತು. 1949ರಲ್ಲಿ ಲಂಡನ್ನಿನ ರಿಚರ್ಡ್ ಆಶರ್, ಮಾನಸಿಕ ರೋಗಿಗಳೆಂದು ಪರಿಗಣಿತರಾಗಿದ್ದ 14 ಮಂದಿಯಲ್ಲಿ ಮಿಕ್ಸೆಡೀಮಾ ಗುರುತಿಸಿದರು. ಚಿಕಿತ್ಸೆಯಿಂದ ಅವರಲ್ಲಿ 9 ಮಂದಿ ಪೂರ್ಣ ಗುಣವಾದರು. ವೃದ್ಧಾಪ್ಯದ ಮರೆವಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸುವ ಇಂದಿನ ರೂಢಿಯ ಬೇರು ಇಂತಹ ವರದಿಗಳಲ್ಲಿದೆ.

ಇದು ಗ್ರಂಥಿಯೇ ಕೆಟ್ಟವರ ಕಥೆ. ಗ್ರಂಥಿ ನೆಟ್ಟಗಿದ್ದೂ ಅದಕ್ಕೆ ಅಯೋಡಿನ್ ದೊರೆಯದವರ ಕಥೆ ಇನ್ನೊಂದು. ಅದರಲ್ಲಿ ನಾವೀಗ ನೆಲೆಸಿರುವ ದೇಶಕ್ಕೂ ನಮ್ಮ ಮಲೆನಾಡಿಗೂ ಪಾಲಿದೆ. ಸ್ವೀಡನ್ನಿನ ಒಳನಾಡಿನಲ್ಲಿ, ಮುಖ್ಯವಾಗಿ ದಾಲಾರ್ನಾ ಪ್ರಾಂತ್ಯದಲ್ಲಿ, ಗಳಗಂಡ ಸಾಮಾನ್ಯವಾಗಿತ್ತು. ನಮ್ಮ ನೆರೆಯ ಮಾಲ್ಮೋದಲ್ಲಿ ನಗರ ವೈದ್ಯರಾಗಿದ್ದ ಆಕ್ಸೆಲ್ ಹೋಯರ್ 1930ರ ದಶಕದ ಆರಂಭದಲ್ಲಿ ದೇಶದ ಗಳಗಂಡದ ಹರವನ್ನು ಕುರಿತು ಬರೆದರು. 1935ರಲ್ಲಿ ರಾಷ್ಟ್ರದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದರು. ಮರುವರ್ಷ, 1936ರಲ್ಲಿ, ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸುವುದು ಆರಂಭವಾಯಿತು. ಮೊದಲು ಕಿಲೋಗೆ 10 ಮಿಲಿಗ್ರಾಂ ಇದ್ದ ಪ್ರಮಾಣ 1966ರಲ್ಲಿ 50ಕ್ಕೆ ಏರಿತು. ಇದೇ ಹೋಯರ್ 1950ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ತಿರುವನಂತಪುರದ ವೈದ್ಯಕೀಯ ಕಾಲೇಜಿನಲ್ಲಿ ದುಡಿದರೆಂಬುದು ನಮಗೆ ಸಂತೋಷ ಕೊಡುವ ಸಂಗತಿ.

ಭಾರತದಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಮೊದಲಾಯಿತು. ಹಿಮಾಲಯದ ತಪ್ಪಲಿನದಷ್ಟೇ ಎಂದು ಭಾವಿಸಿದ್ದ ಈ ಕೊರತೆ ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಇರುವುದು ಆಮೇಲೆ ಕಂಡುಬಂತು. 1992ರಲ್ಲಿ ಕಾರ್ಯಕ್ರಮದ ಹೆಸರೇ ಬದಲಾಗಿ ಅಯೋಡಿನ್ ಕೊರತೆಯ ರೋಗಗಳ ನಿಯಂತ್ರಣ ಎಂದಾಯಿತು. ಕುತ್ತಿಗೆಯ ಗಂಟಿಗಿಂತ ಗರ್ಭಸ್ಥ ಶಿಶುವಿನ ಮೆದುಳು ಮುಖ್ಯ ಎಂಬ ತಿಳಿವಳಿಕೆ ಆ ಬದಲಾವಣೆಯಲ್ಲಿದೆ.

ಶಿಶುಗಳ ವಿಷಯದಲ್ಲಿ ಥೈರಾಯ್ಡ್ ಕಾಯುವುದಿಲ್ಲ. ವಯಸ್ಕರ ಮಂಕು ಮಾತ್ರೆಯಿಂದ ಸರಿಯಬಹುದು. ಹುಟ್ಟಿನಿಂದಲೇ ಥೈರಾಕ್ಸಿನ್ ಇಲ್ಲದ ಮಗುವಿಗೆ ಮೊದಲ ಕೆಲವು ವಾರಗಳಲ್ಲಿ ಔಷಧಿ ಸಿಗದಿದ್ದರೆ ಕಳೆದ ಬುದ್ಧಿಶಕ್ತಿ ಪೂರ್ತಿ ಮರಳದು. ಸ್ವೀಡನ್ನಿನಲ್ಲಿ 1980ರಿಂದ ಎಲ್ಲ ನವಜಾತ ಶಿಶುಗಳಿಗೂ ಈ ಪರೀಕ್ಷೆ ನಡೆಯುತ್ತಿದೆ. ಲುಂಡ್ ಆಸ್ಪತ್ರೆಯಲ್ಲಿ ಹೆರಿಗೆಯಾದ ನಮ್ಮ ಸೋದರಿಯರಿಗೆ ನೆನಪಿರಬಹುದು: ಎರಡು ದಿನ ತುಂಬಿದ ಮೇಲೆ ಮಗುವಿನ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಸ್ಟಾಕ್‌ಹೋಮಿಗೆ ಕಳುಹಿಸುತ್ತಾರೆ. ಅದೇ ಪಿಕೆಯು ಪರೀಕ್ಷೆ. ಊರಿಗೆ ಹೋಗಿ ಹೆರಿಗೆ ಮಾಡಿಸಿಕೊಳ್ಳುವವರು ಅಲ್ಲಿಯೂ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ಅಡುಗೆಗೆ ಅಯೋಡಿನ್ ಇರುವ ಉಪ್ಪನ್ನೇ ಬಳಸಬೇಕು. ಇಲ್ಲಿಯ ಅಂಗಡಿಗಳ ಸಮುದ್ರದುಪ್ಪು, ಗುಲಾಬಿ ಬಣ್ಣದ ಹಿಮಾಲಯದುಪ್ಪುಗಳಲ್ಲಿ ಹಲವಕ್ಕೆ ಅದನ್ನು ಬೆರೆಸಿರುವುದಿಲ್ಲ.

ಇನ್ನು ಮೊದಲಿನ ಪ್ರಶ್ನೆ. ಮರ್ರೆ, ಆಶರ್ ಕಂಡವರು ಗ್ರಂಥಿ ತೀರಾ ಸೋತ ರೋಗಿಗಳು. ಇಂದು ವರದಿಗಳಲ್ಲಿ ಕಾಣುವುದು ಹೆಚ್ಚಾಗಿ ಬೇರೆ: ಟಿಎಸ್‌ಎಚ್ ಆರೋ ಏಳೋ, ಥೈರಾಕ್ಸಿನ್ ಮಾತ್ರ ಸಹಜ. ಯುರೋಪಿನ ನಾಲ್ಕು ದೇಶಗಳಲ್ಲಿ, 65 ದಾಟಿದ ಇಂತಹ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾತ್ರೆ ಪಡೆದವರ ಲಕ್ಷಣಗಳಾಗಲಿ ಆಯಾಸವಾಗಲಿ ಹುಸಿಮಾತ್ರೆ ಪಡೆದವರಿಗಿಂತ ಉತ್ತಮವಾಗಲಿಲ್ಲ. ಮರೆವಿನ ರೋಗಿಗಳ 39 ಅಧ್ಯಯನಗಳನ್ನು 2003ರಲ್ಲಿ ಕ್ಲಾರ್ಫೀಲ್ಡ್ ಒಟ್ಟುಗೂಡಿಸಿದಾಗ, ಗುಣವಾಗಬಹುದಾದ ಕಾರಣಗಳು ಶೇ. 9ರಷ್ಟು ಮಂದಿಯಲ್ಲಿದ್ದವು, ನಿಜಕ್ಕೂ ಮರೆವು ಹಿಮ್ಮೆಟ್ಟಿದ್ದು ಶೇ. 1ಕ್ಕೂ ಕಡಿಮೆ ಮಂದಿಯಲ್ಲಿ. ನಮ್ಮ ನಾಡಿನ ಚಿತ್ರ ತುಸು ಬೇರೆ. ಬೆಂಗಳೂರಿನ ನಿಮ್ಹಾನ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 129 ರೋಗಿಗಳ ಪೈಕಿ 24 ಮಂದಿಯಲ್ಲಿ ಅಂತಹ ಕಾರಣ ಸಿಕ್ಕಿತು. ಆದರೆ ಮುಖ್ಯವಾದವು ಮೆದುಳಿನ ಸೋಂಕು, ಮೆದುಳಿನಲ್ಲಿ ನೀರು ತುಂಬುವ ತೊಂದರೆ, ಬಿ-12 ಕೊರತೆ. ಶಾಕಾಹಾರಿ ಮನೆಗಳ ಹಿರಿಯರಿಗೆ ಟಿಎಸ್‌ಎಚ್ ಜೊತೆಗೆ ಬಿ-12 ಪರೀಕ್ಷೆಯೂ ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ 1,213 ರೋಗಿಗಳಲ್ಲಿ ಪರೀಕ್ಷಿಸಿ, ಅಲ್ಜೈಮರ್ ಕಾಯಿಲೆಯನ್ನು ರಕ್ತದಿಂದಲೇ ಸುಮಾರು ಶೇ. 90ರಷ್ಟು ನಿಖರವಾಗಿ ಗುರುತಿಸಬಹುದೆಂದು ತೋರಿಸಿದರು. ಮಾತ್ರೆಯಿಂದ ನೆನಪು ಮರಳಲಿ ಎಂದು ವರ್ಷಗಟ್ಟಲೆ ಕಾಯುವ ಕುಟುಂಬ, ನಿಜವಾದ ನಿದಾನಕ್ಕೆ ಸಿಗಬೇಕಾದ ಆ ಸಮಯವನ್ನು ಕಳೆದುಕೊಳ್ಳುತ್ತದೆ. ಬೇಡದ ಥೈರಾಕ್ಸಿನ್ ಕೂಡ ನಿರಪಾಯವಲ್ಲ. ಹೆಚ್ಚಾದರೆ ಹೃದಯದ ಲಯ ತಪ್ಪಿಸಿ, ಮೂಳೆ ಸವೆಸುತ್ತದೆ.

ಹಾಗಾಗಿ ಊರಿನ ವರದಿಯನ್ನು ನನಗೆ ಕಳುಹಿಸುವಾಗ ಟಿಎಸ್‌ಎಚ್ ಒಂದನ್ನೇ ಅಲ್ಲ, ಫ್ರೀ ಟಿ-4, ಬಿ-12 ಅಂಕಿಗಳನ್ನೂ, ಮರೆವು ಆರಂಭವಾದದ್ದು ಎಂದು, ಚಳಿ, ಮಲಬದ್ಧತೆ, ಧ್ವನಿ ಗಡಸಾಗುವಿಕೆ ಇವೆಯೇ ಎಂಬುದನ್ನೂ ತಿಳಿಸಿ. ತಾಯಿಯವರು ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ನುಂಗುತ್ತಿದ್ದಾರೆಯೇ ಎಂದೂ ಕೇಳಿ ನೋಡಿ. ಕಾಫಿಗೆ ಮುನ್ನ ಅರ್ಧ ಗಂಟೆ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಏರಿದ ಟಿಎಸ್‌ಎಚ್ ಎಷ್ಟೋ ಸಲ ಅಷ್ಟರಿಂದಲೇ ಇಳಿಯುತ್ತದೆ.